ಸಮುದ್ರದ ದಂಡೆಯಲ್ಲಿ ಹಳೆಯ ಬ್ರಿಟಿಷ್ ಯುದ್ಧವಿಮಾನ: ಕಂಬದ ಮೇಲೋ, ಸೂರಿನ ಕೆಳಗೋ?

ಪ್ರಶ್ನೆ: ಬಿಣಗಾ ತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ನೌಕಾಪಡೆಯ ವಿಮಾನಗಳ ದುರಸ್ತಿ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು, ಈಗ ಊರಿನಲ್ಲಿ ನಾಲ್ಕು ತೆಂಗಿನ ಮರ ನೋಡಿಕೊಂಡಿರುವವನು ನಾನು. ನಾನು ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ, ಸೇವೆ ಮುಗಿಸಿದ ಯುದ್ಧವಿಮಾನವೊಂದನ್ನು ಕೇಳಿ ಪಡೆದು ಊರಿನಲ್ಲಿ ನಿಲ್ಲಿಸಬೇಕೆಂದು ಹೊರಟಿದ್ದಾರೆ. ಕಾರವಾರದವರಿಗೆ ಇದೇನೂ ಹೊಸ ಕಲ್ಪನೆಯಲ್ಲ. ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯೂ ಅದರ ಬಳಿಯಲ್ಲೇ ಟುಪೊಲೆವ್ ವಿಮಾನವೂ ಇವೆ. ಆದರೆ ಅವೆರಡೂ ಸೋವಿಯತ್ ಒಕ್ಕೂಟದ ಯಂತ್ರಗಳು. ನಮ್ಮ ನೌಕಾಪಡೆಯ ವಿಮಾನಯಾನ ಕಣ್ಣು ಬಿಟ್ಟದ್ದು ಬ್ರಿಟಿಷ್ ವಿಮಾನಗಳೊಂದಿಗೆ: 1953ರಲ್ಲಿ ಕೊಚ್ಚಿಗೆ ಬಂದ ಶಾರ್ಟ್ ಸೀಲ್ಯಾಂಡ್, ಅದರ ಬೆನ್ನಿಗೆ ಫೇರಿ ಫೈರ್‌ಫ್ಲೈ, 1961ರಲ್ಲಿ ಸೇವೆಗೆ ಸೇರಿದ ವಿಮಾನವಾಹಕ ನೌಕೆ ವಿಕ್ರಾಂತದ ಮೇಲಿನಿಂದ ಹಾರಿದ ಸೀ ಹಾಕ್, 1983ರ ಕೊನೆಯಲ್ಲಿ ದಾಬೋಳಿಯಲ್ಲಿ ಇಳಿದು 2016ರ ತನಕ ಹಾರಿದ ಸೀ ಹ್ಯಾರಿಯರ್. ವಿಕ್ರಾಂತ ಹಡಗು ಮುಂಬಯಿಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿದ್ದು ಕೊನೆಗೆ ಗುಜರಿಗೆ ಹೋಯಿತು. ವಿರಾಟ ಹಡಗಿನ ಪಾಡೂ ಅದೇ ಆಯಿತು. ಹಡಗುಗಳು ಹೋದ ಮೇಲೆ ಉಳಿದಿರುವುದು ಅವುಗಳ ಮೇಲೆ ನಿಂತಿದ್ದ ವಿಮಾನಗಳು ಮಾತ್ರ. ಆದ್ದರಿಂದ ಬರುವುದಾದರೆ ಬ್ರಿಟಿಷ್ ವಿನ್ಯಾಸದ್ದೇ ಒಂದು ಬರಲಿ ಎಂಬ ಆಸೆ ನನಗಿದೆ. ಹೊಸದಾಗಿ ಸೇರಿದಾಗ ನಮಗೆ ಪಾಠಕ್ಕೆಂದು ಇಟ್ಟಿದ್ದ ಹಳೆಯ ಸೀ ಹಾಕ್ ಒಂದರ ರೆಕ್ಕೆಯ ಕೀಲಿಗೆ ಗ್ರೀಸ್ ತುಂಬುವುದೇ ನನ್ನ ಮೊದಲ ಕೆಲಸವಾಗಿತ್ತು ಎಂಬ ಮೋಹವೂ ಅದರಲ್ಲಿ ಬೆರೆತಿರಬಹುದು.

ತೊಡಕು ಇರುವುದು ವಿಮಾನವನ್ನು ಎಲ್ಲಿಡಬೇಕು ಎಂಬುದರಲ್ಲಿ. ನಮ್ಮವರಲ್ಲಿ ಹೆಚ್ಚಿನವರಿಗೆ ಅದು ಸಮುದ್ರದ ಎದುರಿಗೆ, ರಸ್ತೆಯಿಂದ ಕಾಣುವಂತೆ, ಮೂತಿ ಮೇಲೆತ್ತಿ ಕಂಬದ ಮೇಲೆ ನಿಲ್ಲಬೇಕು. ಮಳೆಗೆ ಬಣ್ಣ ಹೋಗುತ್ತದೆ ಎಂದರೆ "ವರ್ಷಕ್ಕೊಮ್ಮೆ ಬಣ್ಣ ಹೊಡೆಸಿದರಾಯಿತು, ದೋಣಿಗೆ ಹೊಡೆಸುವುದಿಲ್ಲವೇ" ಎನ್ನುತ್ತಾರೆ. ನನಗೆ ಹಾಗೆ ಹಗುರಾಗಿ ಹೇಳಲು ಧೈರ್ಯವಿಲ್ಲ. ಎರಡು ವರ್ಷದ ಹಿಂದೆ ಬೇರೊಂದು ಊರಿನ ಉದ್ಯಾನದಲ್ಲಿ ಹೀಗೆಯೇ ಕಂಬಕ್ಕೇರಿಸಿದ್ದ ನ್ಯಾಟ್ ವಿಮಾನವೊಂದನ್ನು ನೋಡಿದ್ದೆ. ಹೊಸ ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ಕಾವಲುಗಾರನ ಅನುಮತಿ ಪಡೆದು ಏಣಿ ಹತ್ತಿ ರೆಕ್ಕೆಯ ಕೆಳಗೆ ಕೈಯಾಡಿಸಿದಾಗ ರಿವೆಟ್ ಸಾಲಿನುದ್ದಕ್ಕೂ ಬಣ್ಣ ಗುಳ್ಳೆಯೆದ್ದಿರುವುದು ತಿಳಿಯಿತು. ಒಂದು ಗುಳ್ಳೆಯನ್ನು ಉಗುರಿನಿಂದ ಒತ್ತಿದೆ, ಒಳಗಿನಿಂದ ಅಕ್ಕಿಹಿಟ್ಟಿನಂಥ ಬಿಳಿಯ ಪುಡಿ ಅಂಗೈಗೆ ಉದುರಿತು. ಮಳೆ ನಿಂತು ನಾಲ್ಕು ದಿನ ಕಳೆದಿದ್ದರೂ ರೆಕ್ಕೆಯ ಬುಡದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಗಾಳಿ ಒಳಸೇರುವ ಬಾಯಿಯಲ್ಲಿ ಗೊರವಂಕದ ಸಂಸಾರ ನಡೆದಿತ್ತು.

ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯಲ್ಲಿ ಇಂಥ ವಿಮಾನವನ್ನು ಬಯಲಿನಲ್ಲಿ ಇಟ್ಟು ಉಳಿಸಿಕೊಳ್ಳುವುದು ಸಾಧ್ಯವೇ? ಆಗದಿದ್ದರೆ ಸಾಧಾರಣ ಶೆಡ್ಡು ಸಾಕೇ, ಅಥವಾ ಹವಾನಿಯಂತ್ರಿತ ಕಟ್ಟಡವೇ ಬೇಕೇ? ಬಂದ ವಿಮಾನದ ಹಳೆಯ ಬಣ್ಣವನ್ನು ಕೆರೆದು ಹೊಸದು ಹೊಡೆಯುವುದು ಸರಿಯೇ, ಇದ್ದಂತೆಯೇ ಬಿಡಬೇಕೇ? ಬ್ರಿಟನ್ನಿನವರು ತಮ್ಮ ವಿಮಾನಗಳನ್ನು ಹೇಗೆ ಉಳಿಸಿಕೊಂಡಿದ್ದಾರೆಂದು ನೋಡಿ ಬಂದವರು ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಸೋಗೆ ಮಾಡು, ಶಿರಸಿ

ಹಿರಿಯರೇ, ನಾನು ಇತಿಹಾಸದ ಮಾಸ್ತರ. ವಿಮಾನದ ತಿರುಪು ಬಿಚ್ಚಿ ಗೊತ್ತಿಲ್ಲ. ಮಗಳು ಲಂಡನ್ನಿನಲ್ಲಿ ಕೆಲಸದಲ್ಲಿರುವುದರಿಂದ ಅಲ್ಲಿಗೆ ಹೋದಾಗ ಹೆಂಡನ್ನಿನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಎರಡು ದಿನ ಕಳೆದೆ. ಅಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡದ್ದು ಎರಡನೆಯ ಮಹಾಯುದ್ಧದಲ್ಲಿ ಹೆಸರಾದ, ಹೊಳೆಯುವ ಸ್ಪಿಟ್‌ಫೈರ್ ಯುದ್ಧವಿಮಾನ ಅಲ್ಲ. ಮುರಿದು, ತುಕ್ಕು ಹಿಡಿದು, ಚರ್ಮ ಸುಲಿದಂತೆ ಬಿದ್ದಿರುವ ಒಂದು ಹ್ಯಾಲಿಫ್ಯಾಕ್ಸ್ ಬಾಂಬರ್. ಜರ್ಮನರ ಟಿರ್ಪಿಟ್ಸ್ ನೌಕೆಯ ಮೇಲೆ 1942ರ ಏಪ್ರಿಲ್‌ನಲ್ಲಿ ದಾಳಿಗೆ ಹೋಗಿ, ಏಟು ತಿಂದು, ನಾರ್ವೆಯ ಹೆಪ್ಪುಗಟ್ಟಿದ ಸರೋವರವೊಂದರ ಮೇಲೆ ಇಳಿದು ಆಮೇಲೆ ಮುಳುಗಿದ ವಿಮಾನ ಅದು. 1973ರಲ್ಲಿ ಅದನ್ನು ಮೇಲೆತ್ತಿದರು. ಇಡೀ ವಿಮಾನವನ್ನು ಹೊಸದರಂತೆ ಮಾಡುವ ಯೋಚನೆಯನ್ನು ಕೈಬಿಟ್ಟು, ಸರೋವರದಿಂದ ಬಂದ ಸ್ಥಿತಿಯಲ್ಲಿಯೇ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದರ ಮುಂದೆ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಯಾರ್ಕ್‌ಷೈರಿನ ಎಲ್ವಿಂಗ್ಟನ್ನಿನಲ್ಲಿ ಬೇರೆ ಬೇರೆ ವಿಮಾನಗಳ ಭಾಗಗಳನ್ನು ಜೋಡಿಸಿ ಪೂರ್ಣ ರೂಪದ ಹ್ಯಾಲಿಫ್ಯಾಕ್ಸ್ ಒಂದನ್ನು ನಿಲ್ಲಿಸಿದ್ದಾರೆ. ವಿಮಾನ ಹೇಗಿತ್ತು ಎಂದು ಅರಿಯಲು ಅದು ಒಳ್ಳೆಯದು. ಏನಾಯಿತು ಎಂದು ಅರಿಯಲು ಹೆಂಡನ್ನಿನದೇ ಬೇಕು.

ಬಣ್ಣದ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಯೋವಿಲ್ಟನ್ನಿನ ನೌಕಾ ವಿಮಾನ ವಸ್ತುಸಂಗ್ರಹಾಲಯದ ಕೋರ್ಸೇರ್. ಅದು ಅಮೆರಿಕದಲ್ಲಿ ತಯಾರಾದರೂ ಬ್ರಿಟಿಷ್ ನೌಕಾಪಡೆಗೆ ಸೇರಿದ ವಿಮಾನ, ಕೆಡಿ 431 ಎಂಬ ಸಂಖ್ಯೆಯದು. 1963ರ ಸುಮಾರಿಗೆ ಅದಕ್ಕೆ ಮೇಲಿನಿಂದ ಬಣ್ಣ ಬಳಿದಿದ್ದರು. 2000ದ ನಂತರದ ವರ್ಷಗಳಲ್ಲಿ ಅಲ್ಲಿನವರು ಆ ಬಣ್ಣವನ್ನು ಅಂಗುಲ ಅಂಗುಲವಾಗಿ, ಕೈಯಿಂದಲೇ ಬಿಡಿಸಿ ತೆಗೆದರು. ಅಡಿಯಲ್ಲಿ 1944ರ ಕಾರ್ಖಾನೆಯ ಬಣ್ಣ, ಗುರುತುಗಳು, ಕೆಲಸಗಾರರ ಬರಹ ಎಲ್ಲವೂ ಉಳಿದಿದ್ದವು. ಬನವಾಸಿಯ ಶಾಸನದ ಮೇಲೆ ಯಾರೋ ಸುಣ್ಣ ಬಳಿದಿದ್ದರೆ ನಾವು ಏನು ಮಾಡುತ್ತೇವೋ ಅದನ್ನೇ ಅವರು ವಿಮಾನಕ್ಕೆ ಮಾಡಿದರು. ಮೊದಲ ಸಲ ಯಾರಾದರೂ ಯಂತ್ರ ಹಿಡಿದು ಉಜ್ಜಿಬಿಟ್ಟಿದ್ದರೆ ಓದಲು ಏನೂ ಉಳಿಯುತ್ತಿರಲಿಲ್ಲ.

ಕಂಬದ ವಿಷಯದಲ್ಲಿ ಬ್ರಿಟನ್ನಿನವರೂ ಪೆಟ್ಟು ತಿಂದೇ ಕಲಿತವರು. ಯುದ್ಧ ಮುಗಿದ ಮೇಲೆ ವಾಯುನೆಲೆಗಳ ಹೆಬ್ಬಾಗಿಲಿನಲ್ಲಿ ನಿಜವಾದ ಸ್ಪಿಟ್‌ಫೈರ್, ಹರಿಕೇನ್‌ಗಳನ್ನು ದ್ವಾರಪಾಲಕರಂತೆ ನಿಲ್ಲಿಸಿದ್ದರು. ಅವು ದಶಕಗಟ್ಟಲೆ ಮಳೆಯಲ್ಲಿ ನೆನೆದು ಒಳಗಿನಿಂದ ಸವೆಯುತ್ತ ಬಂದುದನ್ನು ಕಂಡು, 1980ರ ದಶಕದ ಕೊನೆಯ ಹೊತ್ತಿಗೆ ಹಲವನ್ನು ಕೆಳಗಿಳಿಸಿ ಅವುಗಳ ಜಾಗದಲ್ಲಿ ಫೈಬರ್‌ಗ್ಲಾಸ್ ಪ್ರತಿಕೃತಿಗಳನ್ನು ಇಟ್ಟರು. ರಸ್ತೆಯಲ್ಲಿ ಹೋಗುವವನಿಗೆ ವ್ಯತ್ಯಾಸ ಕಾಣುವುದಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರ್ ತಯಾರಿಸಿದ ದೇಶವೇ ಉಳಿದವುಗಳನ್ನು ಒಳಗಿಟ್ಟಿದೆ ಎಂಬುದನ್ನು ನಿಮ್ಮ ಸಭೆಯಲ್ಲಿ ಹೇಳಿ ನೋಡಿ.

ಇನ್ನೊಂದು ಮಾತು. ನಮ್ಮಲ್ಲಿ ಉಳಿದದ್ದು ನಮಗಷ್ಟೇ ಸೇರಿದ್ದಲ್ಲ. 1933ರಲ್ಲಿ ಭಾರತೀಯ ವಾಯುಪಡೆಯ ಮೊದಲ ತುಕಡಿ ಹಾರಿಸಿದ್ದು ವೆಸ್ಟ್‌ಲ್ಯಾಂಡ್ ವಾಪಿಟಿ ವಿಮಾನಗಳನ್ನು. ಇಂದು ಇಡೀ ಲೋಕದಲ್ಲಿ ಉಳಿದಿರುವ ಒಂದೇ ಒಂದು ವಾಪಿಟಿ ದೆಹಲಿಯ ಪಾಲಂನಲ್ಲಿದೆ. ನೀವು ಹೇಳಿದ ಸೀಲ್ಯಾಂಡ್ ಕೂಡ ಬೆರಳೆಣಿಕೆಯಷ್ಟು ಉಳಿದಿದ್ದು, ಅದರಲ್ಲೊಂದು ಗೋವಾದ ಬೋಗ್ಮಾಳೊದ ನೌಕಾ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ, ಕಾರವಾರದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ನೋಡಿಕೊಂಡು ಮರಳಬಹುದು. ನಿಮ್ಮವರೆಲ್ಲರನ್ನೂ ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಏನೂ ಹೊಂದದಿದ್ದರೆ ವಿಮಾನವನ್ನು ಘಟ್ಟ ಹತ್ತಿಸಿ ನಮ್ಮ ಶಿರಸಿಗೇ ಕಳಿಸಿಬಿಡಿ. ಇಲ್ಲಿ ಉಪ್ಪುಗಾಳಿಯಂತೂ ಇಲ್ಲ.

ಉತ್ತರ 2: ಫೈಬರ್ ದೋಣಿ, ಅಂಕೋಲಾ

ಮೀನುಗಾರಿಕೆ ದೋಣಿಗಳನ್ನು ಫೈಬರಿನಲ್ಲಿ ಮಾಡುವ ಕಸುಬು ನಮ್ಮದು. ಮಾಸ್ತರರು ಹೇಳಿದ ಪ್ರತಿಕೃತಿ ನಮ್ಮಂಥವರ ಕೈಗೆ ಮೀರಿದ್ದಲ್ಲ. ನ್ಯಾಟ್ ತೀರ ಪುಟ್ಟ ವಿಮಾನ, ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 7 ಮೀಟರ್ ಕೂಡ ಆಗುವುದಿಲ್ಲ. ನಾವು ಕಟ್ಟುವ ದೊಡ್ಡ ದೋಣಿಗಳ ಉದ್ದ ಅದಕ್ಕಿಂತ ಹೆಚ್ಚು. ಕಷ್ಟವಿರುವುದು ಅಚ್ಚಿನಲ್ಲಿ. ದೋಣಿಯ ಅಚ್ಚು ಒಂದಾದರೆ ಅದರಿಂದ ಐವತ್ತು ದೋಣಿ ತೆಗೆಯುತ್ತೇವೆ, ಖರ್ಚು ಹಂಚಿಹೋಗುತ್ತದೆ. ಒಂದೇ ವಿಮಾನಕ್ಕಾಗಿ ಅಚ್ಚು ಮಾಡಿದರೆ ಅಚ್ಚೇ ವಿಮಾನಕ್ಕಿಂತ ದುಬಾರಿ. ಆದ್ದರಿಂದ ಕಬ್ಬಿಣದ ಹಂದರ ಕಟ್ಟಿ, ಮೇಲೆ ಥರ್ಮೋಕೋಲ್ ಅಥವಾ ಫೋಮ್ ಹಲಗೆಗಳನ್ನು ಆಕಾರಕ್ಕೆ ಕೆತ್ತಿ, ಅದರ ಮೇಲೆಯೇ ಗಾಜಿನ ನಾರಿನ ಮ್ಯಾಟ್ ಮತ್ತು ಅದನ್ನು ಗಟ್ಟಿಯಾಗಿಸುವ ರೆಸಿನ್ ಹಾಕುವುದು ಮೇಲು. ಥರ್ಮೋಕೋಲ್ ಆದರೆ ಎಪಾಕ್ಸಿ ಎಂಬ ಬೇರೆ ರೆಸಿನ್ನೇ ಬೇಕು, ನಾವು ದೋಣಿಗೆ ಬಳಸುವ ರೆಸಿನ್ ಅದನ್ನು ಕರಗಿಸಿಬಿಡುತ್ತದೆ. ಫೈಬರ್ ಕೂಡ ಅಮರವಲ್ಲ, ಬಿಸಿಲಿಗೆ ಮೇಲಿನ ಪದರ ಸುಣ್ಣದಂತೆ ಕೈಗೆ ಹತ್ತತೊಡಗುತ್ತದೆ. ಆದರೆ ಅದನ್ನು ಉಜ್ಜಿ ಬಣ್ಣ ಹೊಡೆದರೆ ಇತಿಹಾಸಕ್ಕೆ ನಷ್ಟವಿಲ್ಲ.

ನಿಜವಾದ ವಿಮಾನವನ್ನೇ ಹೊರಗಿಡುವುದಾದರೆ ನನ್ನದೊಂದು ಸಲಹೆ. ಟ್ರಾಲರ್ ಬೋಟುಗಳ ಚುಕ್ಕಾಣಿ ಮತ್ತು ಫ್ಯಾನಿನ ಬಳಿ ಜಿಂಕ್ ಗಟ್ಟಿಗಳನ್ನು ಕೂರಿಸುತ್ತೇವೆ. ಉಪ್ಪುನೀರು ಮೊದಲು ಜಿಂಕನ್ನು ತಿನ್ನುತ್ತದೆ, ಬೋಟಿನ ಲೋಹ ಉಳಿಯುತ್ತದೆ. ಹಾಗೆಯೇ ವಿಮಾನಕ್ಕೂ ಅಲ್ಲಲ್ಲಿ ಜಿಂಕ್ ಕೂರಿಸಬಾರದೇಕೆ?

ಉತ್ತರ 3: ಶರಾವತಿ ಹೊಳೆ, ಹೊನ್ನಾವರದವ, ಈಗ ಬೆಂಗಳೂರು

ಬೆಂಗಳೂರಿನ ವಿಮಾನ ಕಾರ್ಖಾನೆಯ ತಗಡಿನ ವಿಭಾಗದಲ್ಲಿ ನನ್ನ ಜೀವಮಾನ ಕಳೆದಿದೆ. ಬಿಣಗಾದ ಅಣ್ಣನವರು ಕಂಡ ಬಿಳಿಯ ಪುಡಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಮಿಕ್ಕ ಎಲ್ಲ ಪ್ರಶ್ನೆಗಳ ಉತ್ತರವೂ ಅದರಲ್ಲಿದೆ.

ವಿಮಾನದ ಚರ್ಮ ಶುದ್ಧ ಅಲ್ಯುಮಿನಿಯಂ ಅಲ್ಲ. ಅದಕ್ಕೆ ಶಕ್ತಿ ಬರಲೆಂದು ಶೇ 4ರಷ್ಟು ತಾಮ್ರ ಬೆರೆಸಿರುತ್ತಾರೆ. ಡ್ಯುರಾಲುಮಿನ್ ಎನ್ನುವುದು ಅದನ್ನೇ. ತಾಮ್ರ ಬೆರೆತ ಕೂಡಲೇ ಲೋಹ ಗಟ್ಟಿಯಾಗುತ್ತದೆ, ಜೊತೆಗೆ ಉಪ್ಪಿಗೆ ಸೋಲುವ ಗುಣವೂ ಬರುತ್ತದೆ. ಇದನ್ನು ತಡೆಯಲು ತಗಡಿನ ಎರಡೂ ಮೈಗೆ ಶುದ್ಧ ಅಲ್ಯುಮಿನಿಯಂನ ಕೂದಲೆಳೆಯಷ್ಟು ತೆಳ್ಳಗಿನ ಪದರವನ್ನು ಕಾರ್ಖಾನೆಯಲ್ಲಿಯೇ ಒತ್ತಿ ಕೂಡಿಸಿರುತ್ತಾರೆ. ಈಗ ನಿಮ್ಮ ಸಭೆಯವರು ಹೇಳುವ "ವರ್ಷಕ್ಕೊಮ್ಮೆ ಬಣ್ಣ" ಎಂದರೆ ಏನಾಗುತ್ತದೆ ನೋಡಿ. ಪೇಂಟರ್ ಬರುತ್ತಾನೆ, ಹಳೆಯ ಬಣ್ಣ ಹೋಗಲೆಂದು ಗ್ರೈಂಡರಿಗೆ ಸ್ಯಾಂಡ್‌ಪೇಪರ್ ಚಕ್ರ ಹಾಕಿ ತಿರುಗಿಸುತ್ತಾನೆ, ಬಣ್ಣದೊಂದಿಗೆ ಆ ಪದರವೂ ಹೋಗುತ್ತದೆ. ಮೊದಲ ವರ್ಷವೇ ವಿಮಾನ ತನ್ನ ಕವಚ ಕಳೆದುಕೊಂಡಿತು. ಆಮೇಲೆ ಅವನು ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಅದರ ಅಡಿಯಲ್ಲಿ ಸವೆತ ನಡೆದೇ ಇರುತ್ತದೆ. ಬಣ್ಣ ಮಿಂಚುತ್ತಿದ್ದರೂ ಒಳಗೆ ಅಕ್ಕಿಹಿಟ್ಟು ಸಿಕ್ಕಿದ್ದು ಇದರಿಂದಲೇ ಇರಬೇಕು.

ಎರಡನೆಯ ಶತ್ರು ಒಳಗೆ ನಿಲ್ಲುವ ನೀರು. ವಿಮಾನವನ್ನು ನೆಲದ ಮೇಲೆ ತನ್ನ ಮೂರು ಗಾಲಿಗಳಲ್ಲಿ ನಿಂತಾಗ ನೀರು ಹರಿದುಹೋಗುವಂತೆ ವಿನ್ಯಾಸ ಮಾಡಿ, ಹೊಟ್ಟೆಯ ಕೆಳಗೆ ಸಣ್ಣ ರಂಧ್ರಗಳನ್ನು ಇಟ್ಟಿರುತ್ತಾರೆ. ಮೂತಿ ಎತ್ತಿ ಕಂಬಕ್ಕೇರಿಸಿದ ಮೇಲೆ ಆ ರಂಧ್ರಗಳು ಇರಬೇಕಾದ ಕಡೆ ಇರುವುದಿಲ್ಲ. ನೀರೆಲ್ಲ ಬಾಲದ ಕಡೆಗೋ ರೆಕ್ಕೆಯ ಬುಡಕ್ಕೋ ಹರಿದು ಅಲ್ಲಿಯೇ ಕೂರುತ್ತದೆ. ಮೇಲಿನಿಂದ ಪೇಂಟರ್ ಪುಟ್ಟಿ ಮೆತ್ತಿ ಉಳಿದ ರಂಧ್ರಗಳನ್ನೂ ಮುಚ್ಚಿರುತ್ತಾನೆ. ರೆಕ್ಕೆಯ ಬುಡದಲ್ಲಿ ಉಕ್ಕಿನ ದಪ್ಪ ಬೋಲ್ಟುಗಳು ಅಲ್ಯುಮಿನಿಯಂ ತೊಲೆಯನ್ನು ಹಿಡಿದಿರುತ್ತವೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು. ಬ್ಯಾಟರಿಗೆ ಇನ್ನೇನು ಬೇಕು? ಇಡೀ ವಿಮಾನದ ಭಾರ ಹೊತ್ತ ಜಾಗವೇ ಮೊದಲು ಪದರ ಪದರವಾಗಿ ಉಬ್ಬುತ್ತದೆ. ಐದು ರೂಪಾಯಿಯ ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗಿ: ಗಟ್ಟಿ ಲೋಹ ಟಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಒಡೆದ ಮಡಕೆಯಂತೆ ಮಂಕು ಸದ್ದು ಬರುತ್ತದೆ. ಪಡೆಯುವ ಮೊದಲು ಯಾವ ವಿಮಾನವನ್ನೇ ಆಗಲಿ ಹೀಗೆ ತಟ್ಟಿ ನೋಡಿಕೊಳ್ಳಿ.

ಅಂಕೋಲಾದವರ ಜಿಂಕ್ ಇಲ್ಲಿ ಕೆಲಸಕ್ಕೆ ಬಾರದು. ಬೋಟಿನ ಜಿಂಕ್ ಮತ್ತು ಬೋಟಿನ ಲೋಹ ಎರಡೂ ಒಂದೇ ನೀರಿನಲ್ಲಿ ಮುಳುಗಿರುವುದರಿಂದ ಅದು ಕಾಯುತ್ತದೆ. ಗಾಳಿಯಲ್ಲಿ ನಿಂತ ವಿಮಾನದ ಮೇಲೆ ತೇವ ಅಲ್ಲೊಂದು ಹನಿ ಇಲ್ಲೊಂದು ಹನಿ ಇರುತ್ತದೆ, ಆ ಹನಿಗಳಿಗೂ ಜಿಂಕಿಗೂ ಸಂಬಂಧವೇ ಇರುವುದಿಲ್ಲ.

ಶೆಡ್ಡಿನ ಬಗ್ಗೆ ಸ್ವಲ್ಪ ಎಚ್ಚರಿಕೆಯಿಂದ ಕೇಳಿ. ನಾಲ್ಕು ಕಂಬ, ಮೇಲೊಂದು ತಗಡಿನ ಮಾಡು, ಸುತ್ತ ಬಯಲು, ಇಷ್ಟು ಮಾಡಿ ಕೈತೊಳೆದುಕೊಂಡರೆ ಸಮುದ್ರದ ಬದಿಯಲ್ಲಿ ಅದು ಬಯಲಿಗಿಂತ ಕೆಟ್ಟದ್ದಾಗುವ ಸಂಭವವಿದೆ. ಬಯಲಿನಲ್ಲಿ ನಿಂತ ವಿಮಾನದ ಮೇಲೆ ಕೂತ ಉಪ್ಪನ್ನು ಮಳೆಯಾದರೂ ತೊಳೆಯುತ್ತದೆ. ಮಾಡಿನ ಕೆಳಗೆ ಉಪ್ಪುಗಾಳಿ ಬರುತ್ತದೆ, ಮಳೆ ಬರುವುದಿಲ್ಲ, ಉಪ್ಪು ಪದರಗಟ್ಟುತ್ತ ಹೋಗುತ್ತದೆ. ಆಷಾಢದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ತಾನಾಗಿಯೇ ನೀರಾಗುವುದನ್ನು ಎಲ್ಲರೂ ನೋಡಿದ್ದೀರಿ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ವಿಮಾನದ ರಿವೆಟ್ ಸಂದಿಯಲ್ಲಿ ಕೂತ ಉಪ್ಪೂ ಹಾಗೆಯೇ. ಆದ್ದರಿಂದ ನಾಲ್ಕೂ ಗೋಡೆ ಬೇಕು, ಪಶ್ಚಿಮಕ್ಕೆ ಬಾಗಿಲು ಬೇಡ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಬೇಕು. ದೊಡ್ಡ ವಸ್ತುಸಂಗ್ರಹಾಲಯಗಳು ತೇವಾಂಶವನ್ನು ಶೇ 50ರ ಆಸುಪಾಸಿಗೆ ಇಳಿಸುತ್ತವೆ. ನಮಗೆ ಅಷ್ಟು ಆಗದಿದ್ದರೂ ಮುಚ್ಚಿದ ಶೆಡ್ಡಿನಲ್ಲಿ ತೇವ ಹೀರುವ ಯಂತ್ರವೊಂದು ಮಳೆಗಾಲದುದ್ದಕ್ಕೂ ಓಡಿ 75ರ ಕೆಳಗೆ ಇಟ್ಟರೂ ಪಾಲಿಗೆ ಬಂದದ್ದೇ ಪಂಚಾಮೃತ. ಹವಾನಿಯಂತ್ರಣದ ತಂಪು ಬೇಕಿಲ್ಲ, ಒಣ ಗಾಳಿ ಬೇಕು. ಟಾರ್ಪಾಲು ಸುತ್ತಿ ಕಟ್ಟುವ ಯೋಚನೆಯನ್ನಂತೂ ಮಾಡಲೇಬೇಡಿ. ಅರೆ ಒಣಗಿದ ಅಡಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆಂದು ಶಿರಸಿಯ ಮಾಸ್ತರರಿಗೆ ನಾನು ಹೇಳಬೇಕಾಗಿಲ್ಲ.

ಕಟ್ಟಡದ ಗಾತ್ರಕ್ಕೆ ಹೆದರಬೇಡಿ. ಸೀ ಹಾಕ್‌ನ ರೆಕ್ಕೆಗಳು ಚಾಚಿದಾಗ 39 ಅಡಿ. ಹಡಗಿನ ಹೊಟ್ಟೆಯಲ್ಲಿ ಹಿಡಿಸಲೆಂದೇ ಮೇಲಕ್ಕೆ ಮಡಚುವಂತೆ ಮಾಡಿರುವುದರಿಂದ ಮಡಚಿದರೆ 14 ಅಡಿಗೂ ಕಡಿಮೆ. ಸೀ ಹ್ಯಾರಿಯರ್ 25 ಅಡಿಯ ಸುಮಾರು. ಮಡಚಿದ ರೆಕ್ಕೆಯನ್ನೇ ತೋರಿಸಿದರೆ ನೌಕಾ ವಿಮಾನವೆಂದರೆ ಏನೆಂದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಭಾರ ಗಾಲಿಗಳ ಮೇಲೆ ಬೀಳದಂತೆ ಉಕ್ಕಿನ ಆಧಾರ ಕೊಡಿ, ಇಲ್ಲವಾದರೆ ಟಯರು ಚಪ್ಪಟೆಯಾಗಿ ಒಡೆಯುತ್ತದೆ. ಹಳೆಯ ಬ್ರಿಟಿಷ್ ವಿಮಾನಗಳಲ್ಲಿ ಗಾಲಿಯ ಚಕ್ರಗಳಂಥ ಎರಕದ ಭಾಗಗಳು ಹಲವೆಡೆ ಮೆಗ್ನೀಶಿಯಂ ಮಿಶ್ರಲೋಹದವು. ಉಪ್ಪು ಕಂಡರೆ ಡ್ಯುರಾಲುಮಿನ್‌ಗಿಂತಲೂ ಬೇಗ ಪುಡಿಯಾಗುತ್ತವೆ.

ಹೆಚ್ಚು ಜನ ಮರೆಯುವ ಎರಡು ಅಪಾಯಗಳಿವೆ. ಒಂದು, ಪೈಲಟ್‌ನನ್ನು ಹೊರಗೆ ಎಸೆಯುವ ಆಸನ. ಅದರಲ್ಲಿ ಸಿಡಿಮದ್ದಿನ ಕಾಡತೂಸುಗಳಿರುತ್ತವೆ. ಅವೆಲ್ಲವನ್ನೂ ತೆಗೆದಿದ್ದೇವೆಂಬ ಲಿಖಿತ ಪತ್ರ ಕೈಗೆ ಬರುವ ತನಕ ಒಂದು ಮಗುವನ್ನೂ ಕಾಕ್‌ಪಿಟ್‌ನಲ್ಲಿ ಕೂರಿಸಬಾರದು. ಇನ್ನೊಂದು, ಹಳೆಯ ಮೀಟರುಗಳ ಮುಳ್ಳು ಮತ್ತು ಅಂಕಿಗಳು ಕತ್ತಲೆಯಲ್ಲಿ ಹೊಳೆಯಲೆಂದು ಬಳಿದಿರುತ್ತಿದ್ದ ರೇಡಿಯಂ ಬಣ್ಣ. ಹೊಳಪು ಎಂದೋ ಹೋಗಿರುತ್ತದೆ, ಹೋಗುವುದು ಹೊಳೆಯುವ ಪುಡಿಯ ಶಕ್ತಿ ಮಾತ್ರ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ಒಡೆದ ಮೀಟರನ್ನು ಬಿಚ್ಚಿ ಒರೆಸಿ ಹೊಳಪು ಕೊಡುವ ಉತ್ಸಾಹಿಗಳು ಪ್ರತಿ ಊರಿನಲ್ಲೂ ಇರುತ್ತಾರೆ, ಅವರನ್ನು ದೂರ ಇಡಿ.

ಮಾಸ್ತರರೇ, ಶಿರಸಿಯಲ್ಲಿ ಉಪ್ಪಿಲ್ಲ, ನಿಜ, ಲೋಹದ ವಿಮಾನಕ್ಕೆ ಅದು ಒಳ್ಳೆಯ ಜಾಗವೇ. ಆದರೆ ಮರದ ವಿಮಾನ ಕೇಳಬೇಡಿ. ಬಾಲ್ಸಾ ಮರದ ಎರಡೂ ಮೈಗೆ ಬರ್ಚ್ ಪ್ಲೈವುಡ್ ಅಂಟಿಸಿ ಮಾಡಿದ ಡಿ ಹ್ಯಾವಿಲೆಂಡ್ ಮಾಸ್ಕಿಟೊ ಯುದ್ಧಕಾಲದ ಅದ್ಭುತವೇ ಸರಿ, ಆದರೆ 1944ರ ಕೊನೆಯಲ್ಲಿ ಭಾರತ ಮತ್ತು ಬರ್ಮಾದ ಕಡೆಯಲ್ಲಿದ್ದ ಮಾಸ್ಕಿಟೊಗಳ ರೆಕ್ಕೆಯಲ್ಲಿ ಅಂಟು ಬಿಟ್ಟು ಅಪಘಾತಗಳಾದ ಮೇಲೆ ಅವುಗಳ ಹಾರಾಟವನ್ನೇ ತಡೆಯಬೇಕಾಯಿತು. ತಯಾರಿಕೆಯ ದೋಷವೋ ನಮ್ಮ ಹವೆಯೋ ಎಂಬ ವಾದ ಆಗಲೇ ನಡೆದಿತ್ತು. ಎರಡೂ ಇದ್ದಿರಬೇಕೆಂದು ನನ್ನ ಅನಿಸಿಕೆ.

ಉತ್ತರ 4: ಗುಡ್ಡದ ತುದಿ, ಕುಮಟಾ

ಹಿರಿಯರೆಲ್ಲರ ಮಾತನ್ನೂ ಗೌರವದಿಂದ ಓದಿದೆ, ಆದರೂ ಒಂದು ತಕರಾರಿದೆ. ಸಮುದ್ರದ ಎದುರು ಕಂಬದ ಮೇಲೆ ನಿಂತ ವಿಮಾನವನ್ನು ಹೆದ್ದಾರಿಯಲ್ಲಿ ಹೋಗುವ ಸಾವಿರ ಜನ ನೋಡುತ್ತಾರೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿರುವುದನ್ನು ನೋಡಲು ಕೀಲಿಕೈ ಹಿಡಿದವನನ್ನು ಹುಡುಕಬೇಕು. ನಾನು ಚಿಕ್ಕವನಿದ್ದಾಗ ಬೀಗದ ಹಿಂದೆ ಇದ್ದ ಎಷ್ಟೋ ವಸ್ತುಗಳು ಇಂದು ಎಲ್ಲಿ ಹೋದವೆಂದೇ ಗೊತ್ತಿಲ್ಲ. ಯಾರೂ ನೋಡದ ವಿಮಾನವನ್ನು ಉಳಿಸಿ ಏನು ಮಾಡುವುದು? ನಿಜವಾಗಿ ನೋಡಿದರೆ ವಿಮಾನ ಹಾರಬೇಕು. ಬ್ರಿಟನ್ನಿನಲ್ಲಿ 1957ರಿಂದ ನಡೆದಿರುವ ಬ್ಯಾಟಲ್ ಆಫ್ ಬ್ರಿಟನ್ ಸ್ಮಾರಕ ಹಾರಾಟ ತಂಡ ಸ್ಪಿಟ್‌ಫೈರ್, ಹರಿಕೇನ್‌ಗಳ ಜೊತೆಗೆ, ಜಗತ್ತಿನಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದ ಎರಡು ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿ ಒಂದನ್ನು ಇಟ್ಟುಕೊಂಡಿದೆ. ವಲ್ಕನ್ ಬಾಂಬರ್ ಒಂದನ್ನು ಸಾರ್ವಜನಿಕರ ದೇಣಿಗೆಯ ನೆರವೂ ಸೇರಿ 2007ರಲ್ಲಿ ಮತ್ತೆ ಹಾರಿಸಿದರು. ಎಂಜಿನ್ನಿನ ಸದ್ದಿಲ್ಲದ ವಿಮಾನ, ಹೇಳಿಬಿಡುತ್ತೇನೆ, ನನಗೆ ಅರ್ಧ ಮಾತ್ರ.

ಉತ್ತರ 5: ಸೋಗೆ ಮಾಡು, ಶಿರಸಿ

ತಮ್ಮಾ, ಸದ್ದಿನ ವಿಷಯದಲ್ಲಿ ನಿನ್ನ ಮಾತು ಒಪ್ಪಿದೆ. ಆದರೆ ಅದೇ ವಲ್ಕನ್ 2015ರಲ್ಲಿ ಹಾರಾಟ ನಿಲ್ಲಿಸಬೇಕಾಯಿತು, ಏಕೆಂದರೆ ಅದರ ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು ಆ ಹೊಣೆಯಿಂದ ಹಿಂದೆ ಸರಿದವು. ಅದೇ ವರ್ಷದ ಆಗಸ್ಟ್‌ನಲ್ಲಿ ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಹಳೆಯ ಹಂಟರ್ ವಿಮಾನ ಹೆದ್ದಾರಿಯ ಮೇಲೆ ಬಿದ್ದು 11 ಜನ ತೀರಿಕೊಂಡರು. ಆಮೇಲೆ ಹಳೆಯ ಜೆಟ್‌ಗಳ ಪ್ರದರ್ಶನ ಹಾರಾಟದ ನಿಯಮಗಳು ಬಿಗಿಯಾದವು. ಜೊತೆಗೆ, ಹಾರುವ ವಿಮಾನದ ಭಾಗಗಳನ್ನು ಬದಲಿಸುತ್ತಲೇ ಇರಬೇಕು. ಇಂದು ಹಾರುವ ಕೆಲವು ಸ್ಪಿಟ್‌ಫೈರ್‌ಗಳಲ್ಲಿ 1940ರ ಲೋಹ ಎಷ್ಟು ಉಳಿದಿದೆ ಎಂದು ಕೇಳಿದರೆ ಉತ್ತರ ಮುಜುಗರ ತರುವಂಥದ್ದು. ಅದು ಹಾರಾಟವನ್ನು ಉಳಿಸುವ ಕೆಲಸ, ವಸ್ತುವನ್ನು ಉಳಿಸುವ ಕೆಲಸ ಬೇರೆ.

ಆದರೆ ಬೀಗದ ಬಗ್ಗೆ ನೀನು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಶೆಡ್ಡು ಕಟ್ಟುವವರು ಬಾಗಿಲು ತೆಗೆಯುವವನ ಸಂಬಳವನ್ನೂ ಅಂದೇ ಲೆಕ್ಕ ಹಾಕಬೇಕು.

ಪ್ರಶ್ನೆ ಕೇಳಿದವರ ಮರುಬರಹ: ಬಿಣಗಾ ತೀರ, ಕಾರವಾರ

ಎಲ್ಲರಿಗೂ ಕೈಮುಗಿಯುತ್ತೇನೆ. ಎಲ್ಲ ಉತ್ತರಗಳನ್ನೂ ಅಚ್ಚು ಹಾಕಿಸಿ ಭಾನುವಾರದ ಸಭೆಯಲ್ಲಿ ಓದಿ ಹೇಳಿದೆ. ಉಪ್ಪಿನ ಭರಣಿಯ ಮಾತಿಗೆ ಎಲ್ಲರೂ ತಲೆದೂಗಿದರು. ದ್ವಾರಪಾಲಕ ಸ್ಪಿಟ್‌ಫೈರ್‌ಗಳ ಕತೆ ಕೇಳಿ ನಮ್ಮ ಅಧ್ಯಕ್ಷರು ಮಾತ್ರ "ಅವರಲ್ಲಿ ಹಿಮ ಬೀಳುತ್ತದೆ, ನಮ್ಮಲ್ಲಿ ಬೀಳುವುದಿಲ್ಲವಲ್ಲ" ಎಂದರು. ಕುಮಟಾದ ತಮ್ಮನ ಪರವಾಗಿಯೂ ಗಟ್ಟಿ ದನಿಗಳಿದ್ದವು, ಅದು ತಪ್ಪಲ್ಲ. ಕೊನೆಗೆ ರಸ್ತೆಯ ಬದಿಗೆ ಅಂಕೋಲಾದವರಿಂದ ಫೈಬರ್ ಪ್ರತಿಕೃತಿ, ನಿಜವಾದ ವಿಮಾನ ಬಂದರೆ ಅದು ಗುಡ್ಡದ ಹಿಂದಿರುವ ಶಾಲೆಯ ಹಳೆಯ ಗೋದಾಮಿನಲ್ಲಿ ಎಂಬಲ್ಲಿಗೆ ಮಾತು ಬಂದು ನಿಂತಿದೆ. ಗೋದಾಮಿನ ಬಾಗಿಲು 16 ಅಡಿ ಅಗಲವಿದೆ. ಮಡಚಿದ ರೆಕ್ಕೆಯ ಸೀ ಹಾಕ್ ಒಳಗೆ ಹೋಗುತ್ತದೆ, ಸೀ ಹ್ಯಾರಿಯರ್ ಆದರೆ ಗೋಡೆ ಒಡೆಯಬೇಕು.

ಆದರೂ ಅಧ್ಯಕ್ಷರಿಗೆ ಪೂರ್ತಿ ನಂಬಿಕೆ ಬಂದಿಲ್ಲ. ಅದಕ್ಕಾಗಿ ಒಂದು ಕೆಲಸ ಮಾಡಿದ್ದೇನೆ. ಒಂದೇ ಡ್ಯುರಾಲುಮಿನ್ ತಗಡಿನಿಂದ ಅಂಗೈ ಅಗಲದ ನಾಲ್ಕು ತುಂಡು ಕತ್ತರಿಸಿ, ಪ್ರತಿಯೊಂದಕ್ಕೂ ನಡುವೆ ಒಂದು ಉಕ್ಕಿನ ಬೋಲ್ಟು ಬಿಗಿದು, ಎರಡರ ಮೈಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಎರಡನ್ನು ಹಾಗೆಯೇ ಬಿಟ್ಟಿದ್ದೇನೆ. ಉಜ್ಜಿದ್ದು ಒಂದು, ಉಜ್ಜದ್ದು ಒಂದು ಕಂಬ ನಿಲ್ಲಬೇಕಿದ್ದ ಜಾಗದಲ್ಲಿ, ಅಲೆಯ ತುಂತುರು ಮುಟ್ಟುವ ಬೇಲಿಗೆ ಕಟ್ಟಿದ್ದೇನೆ. ಉಳಿದೆರಡು ಗೋದಾಮಿನೊಳಗೆ ತೂಗಾಡುತ್ತಿವೆ. ಕಟ್ಟಿದ್ದು ಮೃಗಶಿರ ಮಳೆ ಹಿಡಿದ ದಿನ, ನಾಲ್ಕರ ಮೇಲೂ ಅಧ್ಯಕ್ಷರಿಂದಲೇ ಸಹಿ ಹಾಕಿಸಿದ್ದೇನೆ. ತುಳಸಿ ಹಬ್ಬದ ಮರುದಿನ ಅವರ ಎದುರಿನಲ್ಲೇ ಬೋಲ್ಟು ಬಿಚ್ಚಿ, ಚಿತ್ರ ತೆಗೆದು ಇಲ್ಲಿ ಹಾಕುತ್ತೇನೆ.